ಮೂರನೆಯ ಮಡಿಕೆ

ಮಗಳ ಶಾಲೆಯಿಂದ ಬಂದ ಚೀಟಿಯನ್ನು ಟೀಚರ್ ಮನೆಯ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಕೆಳಗೆ ಇಟ್ಟಿದ್ದಳು. ಊಟದ ನಡುವೆ ಉಪ್ಪು ಹಾಕಿಕೊಳ್ಳದೆ ಇರುವ ಗಂಡಸಲ್ಲ ಅವಳ ಗಂಡ. ಆಗ ಚೀಟಿ ತಾನಾಗಿ ಅವನ ಕಣ್ಣಿಗೆ ಬೀಳುತ್ತದೆ, ತಾನು ಬಾಯಿಬಿಟ್ಟು ಹೇಳುವ ಕಷ್ಟ ತಪ್ಪುತ್ತದೆ ಎಂದು ಅವಳ ಲೆಕ್ಕ. ಆದರೆ ಆ ದಿನ ಉಪ್ಪಿಗೆ ಮೊದಲು ಕೈ ಚಾಚಿದವರು ಅತ್ತೆ.

"ಇದೇನಿದು, ಶಾಲೆ ಮೊಹರು?" ಎಂದು ಅವರು ಕನ್ನಡಕಕ್ಕೆ ತಡಕಾಡುವಷ್ಟರಲ್ಲಿ ಗಂಡ ಚೀಟಿ ಕಸಿದುಕೊಂಡು ಗಟ್ಟಿಯಾಗಿ ಓದಿಬಿಟ್ಟ. ಮಗು ತರಗತಿಯಲ್ಲಿ ಯಾವ ಪ್ರಶ್ನೆಗೂ ಉತ್ತರ ಕೊಡುತ್ತಿಲ್ಲ. ಏಳು ವಾರದ ನಂತರದ ಮೌಖಿಕ ಪರೀಕ್ಷೆಯಲ್ಲೂ ಹೀಗೇ ಆದರೆ ಇನ್ನೊಂದು ವರ್ಷ ಒಂದನೇ ತರಗತಿಯಲ್ಲೇ ಕೂರಬೇಕಾಗುತ್ತದೆ.

"ಒಂದನೇ ಕ್ಲಾಸಲ್ಲಿ ಫೇಲಾಗೋದು ಅಷ್ಟು ಸುಲಭ ಅಲ್ಲ," ಎಂದ ಗಂಡ. ಅವನು ಬ್ರೆಡ್ ಕಾರ್ಖಾನೆಯ ವ್ಯಾನ್ ಓಡಿಸುವವನು. ಬೆಳಗಿನ ಜಾವದಿಂದ ಸ್ಟೀರಿಂಗ್ ಹಿಡಿದವನಿಗೆ ಊಟದ ಹೊತ್ತಿಗೆ ತಮಾಷೆ ಬೇಕು. "ಎಷ್ಟು ಒದ್ದಾಡಿದ್ರೂ ನನ್ನ ಕೈಲೇ ಆಗ್ಲಿಲ್ಲ."

"ನಗಬೇಡಿ. ಅದೇ ಶಾಲೇಲಿ ನಾನು ಮೂರನೇ ಕ್ಲಾಸಿನ ಟೀಚರು. ನಾಳೆ ಸ್ಟಾಫ್ ರೂಮಲ್ಲಿ ಯಾವ ಮುಖ ಇಟ್ಕೊಂಡು ಕೂತ್ಕೊಳ್ಲಿ?"

ಯಾರ ಬಗ್ಗೆ ಇಷ್ಟೆಲ್ಲ ಮಾತೋ ಆ ಮಗು ಬ್ರೆಡ್ಡಿನ ಅಂಚು ಕಿತ್ತು ತಟ್ಟೆಯ ಸುತ್ತ ಜೋಡಿಸುತ್ತಿತ್ತು. ಆರು ವರ್ಷದ ಹುಡುಗಿ. ಹುಟ್ಟಿದಾಗ ಚೋಟುದ್ದ ಇದ್ದಳೆಂದು ಅಪ್ಪ ಚೋಟು ಎಂದು ಕರೆದದ್ದು ಹಾಗೇ ಉಳಿದಿತ್ತು.

"ಚೋಟು, ತಟ್ಟೇಲಿ ಎಷ್ಟು ಚೂರಿದೆ ಹೇಳು ನೋಡೋಣ," ಎಂದಳು ಟೀಚರ್.

ಚೋಟು ಚೂರುಗಳನ್ನು ನೋಡಿದಳು. ತುಟಿ ಅಲ್ಲಾಡಿತು. ಎರಡು ಸಲ ರೆಪ್ಪೆ ಮಿಟುಕಿಸುವಷ್ಟು ಹೊತ್ತು ಕಾದ ಟೀಚರಿಗೆ ಅದೇ ಒಂದು ಯುಗವಾಯಿತು.

"ಏಳು. ಏಳಿದೆ ತಾನೆ? ಏಳು ಅನ್ನು."

"ಏಳು," ಎಂದಳು ಚೋಟು, ಚೂರುಗಳ ಕಡೆ ನೋಡುವುದನ್ನೂ ಬಿಟ್ಟು.

"ಅವಳು ಬಾಯಿ ತೆರೆಯೋಕೆ ಮುಂಚೆ ನೀನೇ ಹೇಳ್ಬಿಟ್ಯಲ್ಲ," ಎಂದರು ಅತ್ತೆ.

"ನಲವತ್ತೆರಡು ಮಕ್ಕಳಿಗೆ ಹೇಳ್ಕೊಡೋಳಿಗೆ ನೀವು ಹೇಳ್ಕೊಡಬೇಡಿ ಅತ್ತೆ."

ಮರುದಿನದಿಂದ ಅಡುಗೆಮನೆಯ ಮೇಜೇ ತರಗತಿಯಾಯಿತು. ಟೀಚರ್ ಶಾಲೆಯಿಂದ ಬಂದು ಮುಖ ತೊಳೆದು, ಒಂದು ಕಡೆ ಅಕ್ಕಿ ಬೇಯಲು ಇಟ್ಟು, ಇನ್ನೊಂದು ಕಡೆ ಚೋಟುವನ್ನು ಕೂರಿಸಿಕೊಂಡು ಬಣ್ಣದ ಮಣಿ, ಚಿತ್ರದ ಪುಸ್ತಕ, ಅಕ್ಷರದ ಕಾರ್ಡು ಎಲ್ಲ ಹರಡುತ್ತಿದ್ದಳು. ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ. ತರಗತಿಯಲ್ಲಿ ಒಬ್ಬರಲ್ಲ ಒಬ್ಬರು ತಟ್ಟನೆ ಕೈ ಎತ್ತಿಬಿಡುವುದರಿಂದ ಕಾಯುವ ಅಭ್ಯಾಸವೇ ಅವಳಿಗೆ ಇರಲಿಲ್ಲ. ಚೋಟು ಹೇಳಿಸಿಕೊಂಡದ್ದನ್ನು ಹೇಳುತ್ತಿದ್ದಳು, ಅನ್ನ ಬೆಂದ ಕೂಡಲೇ ಕುರ್ಚಿಯಿಂದ ಜಾರಿ ಮುಂದಿನ ಕೋಣೆಗೆ ಓಡುತ್ತಿದ್ದಳು.

ಮುಂದಿನ ಕೋಣೆ ಅತ್ತೆಯ ಬೈಂಡಿಂಗ್ ಕೆಲಸದ್ದು. ಬೀದಿಗೆ ಒಂದು ಬಾಗಿಲು, ಮನೆಯೊಳಕ್ಕೆ ಒಂದು ಬಾಗಿಲು. ಗೋಡೆಗೆ ಒರಗಿಸಿದ ರಟ್ಟುಗಳು, ಗೋಂದಿನ ಬಟ್ಟಲು, ದಾರದ ಉಂಡೆ, ಪುಸ್ತಕ ಅದುಮುವ ಕಬ್ಬಿಣದ ಪ್ರೆಸ್ಸು. ಪ್ರಿಂಟರ್ ಅಂಗಡಿಯಿಂದ ದೊಡ್ಡ ದೊಡ್ಡ ಹಾಳೆಗಳು ಬರುತ್ತಿದ್ದವು. ಒಂದು ಹಾಳೆಯಲ್ಲಿ ಹದಿನಾರು ಪುಟ. ಮೂರು ಸಲ ಮಡಚಿದರೆ ಒಂದು ಫಾರಂ. ಫಾರಂಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದರೆ ಪುಸ್ತಕ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಅತ್ತೆ ನಲವತ್ತು ವರ್ಷದಿಂದ ಆ ಊರಿನ ವಕೀಲರಿಗೂ ಕಾಲೇಜಿನವರಿಗೂ ಪುಸ್ತಕ ಹೊಲಿದುಕೊಟ್ಟಿದ್ದರು.

ಎರಡನೇ ವಾರ ಒಂದು ಸಂಜೆ ಟೀಚರ್ ಈರುಳ್ಳಿ ಹೆಚ್ಚುತ್ತಿದ್ದಾಗ ಮುಂದಿನ ಕೋಣೆಯಿಂದ ಮಾತು ಕೇಳಿಸಿತು. ಯಾರೋ ಗಿರಾಕಿಯ ಮಗಳು ಬಂದಿರಬೇಕು, ಒಂದೇ ಸಮನೆ ವಟಗುಟ್ಟುತ್ತಿದ್ದಾಳೆ ಎಂದುಕೊಂಡಳು. ಆಮೇಲೆ ಚಾಕು ಕೈಯಲ್ಲೇ ನಿಂತಿತು. ಆ ಧ್ವನಿ ಅವಳ ಮಗಳದೇ.

ಬಾಗಿಲ ಸಂದಿಯಿಂದ ನೋಡಿದಳು. ಅತ್ತೆ ಹಾಳೆಯೊಂದನ್ನು ಎರಡು ಸಲ ಮಡಚಿ, ಮೂಳೆಯ ಪಟ್ಟಿಯಿಂದ ಮಡಿಕೆ ತೀಡಿ, ಅದನ್ನು ಚೋಟುವಿನ ಮುಂದೆ ಸರಿಸಿದರು. ಸುಮ್ಮನೆ ಕೂತರು. ದಾರಕ್ಕೆ ಮೇಣ ಹಚ್ಚಿದರು. ಕಿಟಕಿಯಾಚೆ ಹೋಗುವ ಸೈಕಲ್ಲನ್ನು ನೋಡಿದರು.

"ಎರಡನೇ ಪುಟ ಮೂರನ್ನ ನೋಡ್ಬೇಕು, ಆಯ್ತು. ನಾಲ್ಕು ಐದನ್ನ ನೋಡ್ಬೇಕು, ಆಯ್ತು," ಎಂದು ಚೋಟು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. "ಈಗ... ಈಗ ಎಂಟು. ಎಂಟು ಯಾರನ್ನ ನೋಡ್ಬೇಕು?"

"ಯಾರನ್ನ?" ಎಂದರು ಅತ್ತೆ, ತಮಗೇ ಮರೆತುಹೋದ ಹಾಗೆ.

"ತಡಿ ಅಜ್ಜಿ, ಹೇಳ್ಬೇಡ. ಹತ್ತು ಆ ಕಡೆ ಹೋಯ್ತು... ಒಂಬತ್ತು! ಒಂಬತ್ತನ್ನ!" ಚೋಟು ಮೂರನೆಯ ಮಡಿಕೆ ಮಡಚಿ ಎರಡೂ ಕೈಯಿಂದ ಒತ್ತಿದಳು. "ಮೊನ್ನೆ ನಾನು ಇಲ್ಲಿ ತಪ್ಪಿದ್ದೆ, ಅಲ್ವಾ? ಆ ಪುಸ್ತಕ ತಲೆಕೆಳಗಾಗ್ತಿತ್ತು, ಓದೋರು ತಲೆ ಮೇಲೆ ನಿಂತ್ಕೋಬೇಕಿತ್ತು!"

"ನಾಳೆಯಿಂದ ನಾನು ಒಂದೇ ಮಡಚೋದು. ಎರಡು ನಿಂದು," ಎಂದರು ಅತ್ತೆ.

ಟೀಚರಿಗೆ ಸಂತೋಷ ಆಗಬೇಕಿತ್ತು. ಮಗಳು ಮೂಗಿಯಲ್ಲ, ಪೆದ್ದಿಯಲ್ಲ. ಆದರೆ ಆದದ್ದು ಹೊಟ್ಟೆಕಿಚ್ಚು. ಹೆತ್ತದ್ದು ನಾನು, ಜ್ವರ ಬಂದಾಗ ನಿದ್ದೆಗೆಟ್ಟದ್ದು ನಾನು, ಓದಿದ್ದು ನಾನು, ಮಾತೆಲ್ಲ ಇವರಿಗೆ. ಒಳಗೆ ಬಂದು ಈರುಳ್ಳಿಯನ್ನು ಅದರ ಮೇಲೇ ಸಿಟ್ಟಿರುವ ಹಾಗೆ ಕೊಚ್ಚಿದಳು. ಕಣ್ಣೀರಿಗೆ ಅದೊಂದು ನೆಪವೂ ಆಯಿತು.

ಅತ್ತೆಯೇನು ದೇವತೆಯಲ್ಲ. ಬಂದ ಗಿರಾಕಿಗಳಿಗೆಲ್ಲ ಅವರು ಒಂದೇ ಮಾತು ಹೇಳುತ್ತಿದ್ದರು: "ಅಮ್ಮ ಊರಿಗೆಲ್ಲ ಟೀಚರು. ಅವಳ ಮಗಳಿಗೆ ನಾನು ಟೀಚರು." ಆ ಮಾತು ಪ್ರಿಂಟರ್ ಅಂಗಡಿಗೆ ಹೋಗಿ, ಅಲ್ಲಿಂದ ಶಾಲೆಯ ಪ್ರಶ್ನೆಪತ್ರಿಕೆಗಳ ಕಟ್ಟಿನ ಜೊತೆ ಸ್ಟಾಫ್ ರೂಮಿಗೆ ಬಂದು ಮುಟ್ಟಿತು.

"ನನ್ನ ಬಗ್ಗೆ ಅಂಗಡಿ ಅಂಗಡಿಗೆ ಡಂಗುರ ಹೊಡಿಸ್ತಿದೀರಂತೆ?" ಎಂದು ಟೀಚರ್ ಆ ಸಂಜೆ ತಟ್ಟೆ ಇಡುತ್ತಲೇ ಕೇಳಿದಳು. ತಟ್ಟೆ ಸ್ವಲ್ಪ ಜೋರಾಗಿಯೇ ಮೇಜಿಗೆ ಬಡಿಯಿತು.

"ಇಲ್ಲದ್ದನ್ನ ಹೇಳಿದ್ನಾ?"

"ಹಾಳೆ ಮಡಚೋದು ಓದು ಅಲ್ಲ ಅತ್ತೆ. ಪರೀಕ್ಷೇಲಿ ಯಾರೂ ಗೋಂದು ಹಚ್ಚು ಅಂತ ಕೇಳಲ್ಲ."

"ಕೇಳಿದ್ರೆ ನಿನ್ನ ಕೈಲಿ ಆಗುತ್ತಾ?"

"ಸಾರು ಬಡಿಸ್ರಪ್ಪ," ಎಂದ ಗಂಡ. "ಇಬ್ರು ಟೀಚರ್ ಮಧ್ಯೆ ನಾನು ಊಟದಲ್ಲೇ ಫೇಲಾಗ್ತೀನಿ."

ಟೀಚರ್ ಆ ರಾತ್ರಿಯ ಮಾತನ್ನು ಮರೆಯಲಿಲ್ಲ. ಅತ್ತೆಯ ಉಪಾಯವನ್ನೇ ಕದಿಯಲು ನೋಡಿದಳು. ಮರುದಿನ ಮೇಜಿನ ಮೇಲೆ ಎಂಟು ಮಣಿ ಇಟ್ಟು, ಎರಡು ತೆಗೆದು, ಹಣೆಗೆ ಕೈ ಹಚ್ಚಿ, "ಅಯ್ಯೋ, ಎಷ್ಟು ಉಳೀತು ಅಂತ ನಂಗೆ ಮರೆತೇ ಹೋಯ್ತಲ್ಲ ಚೋಟು," ಎಂದಳು.

ಚೋಟು ಅವಳ ಮುಖವನ್ನೇ ನೋಡಿದಳು. "ನಿಂಗೆ ಗೊತ್ತು."

"ಇಲ್ಲ, ನಿಜವಾಗ್ಲೂ ಮರೆತೆ."

"ಗೊತ್ತಿದೆ. ಈಗ ಹೇಳ್ತೀಯ ನೋಡು," ಎಂದು ಮಗು ಕೈ ಕಟ್ಟಿ ಕೂತಿತು. ಟೀಚರ್ ಮನಸ್ಸಿನಲ್ಲಿ ಐದರವರೆಗೆ ಎಣಿಸಿದಳು. ಆರಕ್ಕೆ ತಡೆಯಲಾಗದೆ, "ಆರು!" ಎಂದುಬಿಟ್ಟಳು.

ಆವತ್ತೇ ಅವಳು ನಡುವಿನ ಬಾಗಿಲಿಗೆ ಚಿಲಕ ಹಾಕಿದಳು. ಪರೀಕ್ಷೆ ಮುಗಿಯುವವರೆಗೆ ಚೋಟು ಆ ಕೋಣೆಗೆ ಕಾಲಿಡಕೂಡದು. ಸಂಜೆ ನಾಲ್ಕೂವರೆಯಿಂದ ಏಳರವರೆಗಿನ ವೇಳಾಪಟ್ಟಿಯನ್ನು ಕೆಂಪು ಗೆರೆ ಎಳೆದು ಗೋಡೆಗೆ ಅಂಟಿಸಿದಳು, ಅದೂ ಅತ್ತೆಯ ಗೋಂದಿನಿಂದಲೇ.

"ನನ್ನ ಮೊಮ್ಮಗಳ ಬಾಯಿ ಕಿತ್ಕೊಂಡೆ," ಎಂದರು ಅತ್ತೆ.

"ನಿಮ್ಮ ಮೊಮ್ಮಗಳು ಆಗೋಕೆ ಮುಂಚೆ ನನ್ನ ಮಗಳು."

ಅತ್ತೆ ತಟ್ಟೆ ಎತ್ತಿಕೊಂಡು ಮುಂದಿನ ಕೋಣೆಯಲ್ಲೇ ಊಟ ಮಾಡತೊಡಗಿದರು. ಮಗ ಅವರ ತಟ್ಟೆಗೆ ಬಡಿಸಲು ಬೀದಿಯ ಬಾಗಿಲಿನಿಂದ ಸುತ್ತಿ ಹೋಗಬೇಕಾಯಿತು. "ಒಂದು ಮುಷ್ಟಿ ಅನ್ನಕ್ಕೆ ಎರಡು ಬಾಗಿಲು, ಒಂದು ಬೀದಿ. ವ್ಯಾನ್ ತಗೊಂಡೇ ಬರ್ತೀನಿ ನಾಳೆಯಿಂದ," ಎಂದು ಗೊಣಗಿದ. ಯಾರೂ ನಗಲಿಲ್ಲ. ಚೋಟುವಂತೂ ಮೊದಲಿಗಿಂತ ಮುದುಡಿದಳು. ಮುಂಚೆ ಲೆಕ್ಕ ಹಾಕುವಾಗ ತುಟಿಯಾದರೂ ಅಲ್ಲಾಡುತ್ತಿತ್ತು. ಈಗ ಅದೂ ನಿಂತು, ಟೀಚರ್ ಉತ್ತರ ಹೇಳುವುದನ್ನೇ ಕಾಯುತ್ತ ಕೂರುತ್ತಿದ್ದಳು. ಮೂರು ವಾರ ಹಾಗೇ ಕಳೆಯಿತು. ಗೋಡೆಯ ಮೇಲಿನ ವೇಳಾಪಟ್ಟಿಯ ಒಂದು ಮೂಲೆ ಬಿಟ್ಟುಕೊಂಡು ಜೋತಾಡತೊಡಗಿತು.

ಐದನೇ ವಾರದ ಭಾನುವಾರ ಬೆಳಿಗ್ಗೆ ಅತ್ತೆ ರಟ್ಟು ಕತ್ತರಿಸುವಾಗ ಹೆಬ್ಬೆರಳಿಗೆ ಚಾಕು ಆಳವಾಗಿ ತಗುಲಿತು. ಮಗ ಬಟ್ಟೆ ಸುತ್ತಿ ಅವರನ್ನು ವ್ಯಾನಿನಲ್ಲಿ ಡಾಕ್ಟರ ಹತ್ತಿರ ಕರೆದೊಯ್ದ. ಮೇಜಿನ ಮೇಲೆ ಹೂಗಿಡ ಬೆಳೆಸುವ ಕೈಪಿಡಿಯೊಂದರ ಹಾಳೆಗಳ ಕಟ್ಟು ಹಾಗೇ ಇತ್ತು. ನಾಳೆ ಕೊಡಬೇಕಾದ ಕೆಲಸ.

ಟೀಚರ್ ಚಿಲಕ ತೆಗೆದು ಕೋಣೆಯ ನಡುವೆ ನಿಂತಳು. ಅತ್ತೆ ಬರುವಷ್ಟರಲ್ಲಿ ಎಲ್ಲ ಮಡಚಿ ಇಟ್ಟರೆ? "ನಿನ್ನ ಕೈಲಿ ಆಗುತ್ತಾ" ಅಂದಿದ್ದರಲ್ಲ. ಸಹಾಯ ಮಾಡುವ ಆಸೆ ಒಂದು ಪಾಲಾದರೆ, ಆ ಮಾತಿಗೆ ಉತ್ತರ ಕೊಡುವ ಆಸೆ ಮೂರು ಪಾಲು.

ಮೇಲಿನ ಹಾಳೆ ನೋಡಿ ಅವಳು ದಂಗಾದಳು. ಒಂದನೇ ಪುಟದ ಪಕ್ಕದಲ್ಲಿ ಹದಿನಾರು. ಒಂದರ ತಲೆಯ ಮೇಲೆ ಎಂಟು, ಅದೂ ತಲೆಕೆಳಗಾಗಿ. ನಾಲ್ಕರ ಪಕ್ಕ ಹದಿಮೂರು. ಹಾಳೆ ತಿರುಗಿಸಿದರೆ ಅಲ್ಲೂ ಅದೇ ಅವಾಂತರ. ತಪ್ಪು ಕಂಡರೆ ತಿದ್ದದೆ ಬಿಡುವ ಕೈಯಲ್ಲ ಅವಳದು. ಪ್ರಿಂಟರಿಗೆ ಮನಸ್ಸಿನಲ್ಲೇ ಬೈದು, ಅಳತೆಪಟ್ಟಿ ಇಟ್ಟು, ಕತ್ತರಿ ಹಿಡಿದು, ಹಾಳೆಯನ್ನು ಎಂಟು ತುಂಡು ಮಾಡಿ ಒಂದು, ಎರಡು, ಮೂರು ಎಂದು ಸಾಲಾಗಿ ಜೋಡಿಸಿದಳು. ಅಚ್ಚುಕಟ್ಟಾಗಿ ಕಂಡಿತು. ಹಾಗೇ ಮೂವತ್ತು ಹಾಳೆ ಮುಗಿಸಿದಳು.

"ಅಮ್ಮಾ!"

ಚೋಟು ಬಾಗಿಲಲ್ಲಿ ನಿಂತಿದ್ದಳು. ಮೂರು ವಾರದಲ್ಲಿ ತಾನಾಗಿ ಆಡಿದ ಮೊದಲ ಮಾತು.

"ಯಾಕೆ ಕತ್ತರಿಸಿದೆ? ಇನ್ನು ದಾರ ಎಲ್ಲಿಗೆ ಹಾಕೋದು? ಬೆನ್ನೇ ಇಲ್ವಲ್ಲ ಅದಕ್ಕೆ!"

ಟೀಚರ್ ಕೈಯಲ್ಲಿದ್ದ ಬಿಡಿ ಹಾಳೆಗಳನ್ನು ನೋಡಿದಳು. ಮಡಿಕೆಯಿಲ್ಲದ ಹಾಳೆಯನ್ನು ಹೊಲಿಯುವುದು ಹೇಗೆ? ಅವುಗಳನ್ನು ಮೆಲ್ಲಗೆ ಕೆಳಗಿಟ್ಟಳು. "ಪುಟ ಎಲ್ಲ ಅಡ್ಡಾದಿಡ್ಡಿ ಇತ್ತು ಪುಟ್ಟಾ..."

"ಅಡ್ಡಾದಿಡ್ಡಿ ಅಲ್ಲ. ಮಡಚಿದ ಮೇಲೆ ಸರಿ ಹೋಗುತ್ತೆ." ಚೋಟು ಸ್ಟೂಲ್ ಎಳೆದುಕೊಂಡು ಹತ್ತಿ ಕೂತಳು. ಹೊಸ ಹಾಳೆಯೊಂದನ್ನು ಹರಡಿ, ಎರಡು ಮಡಿಕೆ ಮಡಚಿ, ಮೂಳೆಪಟ್ಟಿಯಿಂದ ತೀಡಿ, ಅಮ್ಮನ ಮುಂದೆ ಸರಿಸಿದಳು. "ಮುಂದೇನು?"

"ಹೀಗೆ ತಿರುಗಿಸಿ..."

"ಉಹುಂ. ನೋಡು ಮೊದಲು." ಚೋಟು ಸುಮ್ಮನಾದಳು. ಕಿಟಕಿಯಾಚೆ ನೋಡಿದಳು. ಅತ್ತೆಯ ಹಾಗೇ ಕತ್ತು ಓರೆ ಮಾಡಿ, ಅತ್ತೆಯ ಹಾಗೇ ದಾರದ ಉಂಡೆ ತಿರುಗಿಸುತ್ತ ಕಾದಳು.

ಟೀಚರಾದ ಹದಿನೈದು ವರ್ಷದಲ್ಲಿ ಯಾರೂ ಅವಳಿಗಾಗಿ ಹೀಗೆ ಕಾದಿರಲಿಲ್ಲ. ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು, ಕೊನೆಗೆ ಕಣ್ಣು ಹಾಳೆಯ ಮೇಲೆ ಹೋಯಿತು. "ಎರಡು ಮೂರನ್ನ ನೋಡ್ತಿದೆ," ಎಂದಳು ನಿಧಾನವಾಗಿ. ತನ್ನ ತುಟಿಯೂ ಅಲ್ಲಾಡುತ್ತಿರುವುದು ಅವಳಿಗೆ ಗೊತ್ತಾಯಿತು. "ನಾಲ್ಕು ಐದನ್ನ. ಹಾಗಾದ್ರೆ ಎಂಟು... ಒಂಬತ್ತನ್ನ?"

"ಹ್ಞೂಂ!" ಎಂದು ಚೋಟು ಸ್ಟೂಲಿನ ಮೇಲೇ ಕುಣಿದಳು. "ಮುಂದಿನದರಲ್ಲಿ ನಾನು ಒಂದೇ ಮಡಚೋದು. ಎರಡು ನಿಂದು."

ಸುಖವಾಗಿತ್ತು, ಆದರೂ ಚುಚ್ಚಿತು. ಮಗಳ ಬಾಯಿಂದ ಬಂದ ಪ್ರತಿ ಮಾತೂ ಅತ್ತೆಯದೇ.

ಅತ್ತೆ ಹೆಬ್ಬೆರಳಿಗೆ ಬಿಳಿ ಪಟ್ಟಿ ಸುತ್ತಿಸಿಕೊಂಡು ಬಂದಾಗ ಮೇಜಿನ ಒಂದು ಕಡೆ ನಲವತ್ತು ಫಾರಂ, ಇನ್ನೊಂದು ಕಡೆ ಕತ್ತರಿಸಿದ ರಾಶಿ.

"ಇದ್ಯಾರು ಮಾಡಿದ್ದು?"

"ನಾನು ಅತ್ತೆ."

ಅತ್ತೆ ಒಂದು ತುಂಡು ಎತ್ತಿ ಬೆಳಕಿಗೆ ಹಿಡಿದರು. ಅಳತೆ ತಪ್ಪದೆ, ನೆಟ್ಟಗೆ ಕತ್ತರಿಸಿದ ಅಂಚು. ಅವರಿಗೆ ನಗು ಉಕ್ಕಿ ಬಂತು. ಕೆಮ್ಮು ಬರುವವರೆಗೂ ನಕ್ಕರು. "ನಲವತ್ತು ವರ್ಷದಲ್ಲಿ ಇಂಥ ಚೆಂದದ ತಪ್ಪು ನಾನು ನೋಡಿಲ್ಲ! ಅಯ್ಯೋ ಟೀಚರಮ್ಮಾ!"

"ನಗಿ. ನಂಗೆ ಹೊಟ್ಟೆಕಿಚ್ಚು ಅತ್ತೆ," ಎಂದುಬಿಟ್ಟಳು ಟೀಚರ್. "ಅವಳು ನಿಮ್ಮ ಹತ್ರ ಮಾತಾಡ್ತಾಳೆ, ನನ್ನ ಹತ್ರ ಆಡಲ್ಲ. ಅದಕ್ಕೇ ಬಾಗಿಲು ಹಾಕಿದ್ದು. ಓದಿಗೂ ಅಲ್ಲ, ಪರೀಕ್ಷೆಗೂ ಅಲ್ಲ."

ಅತ್ತೆಯ ನಗು ನಿಂತಿತು. ಗಾಯದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. "ಗೊತ್ತಿತ್ತು. ನಿನಗೆ ಉರೀತಿದೆ ಅಂತ ಗೊತ್ತಾದಾಗೆಲ್ಲ ನಂಗೆ ಖುಷಿ ಆಗ್ತಿತ್ತು. ಈ ಮನೇಲಿ ಓದಿದೋಳು ನೀನು, ಸಂಬಳದೋಳು ನೀನು. ಆ ಮಗು ಒಂದು ನಂದಾಗಿರ್ಲಿ ಅಂತ."

"ಹೊಸ ಹಾಳೆ ತರೋಕೆ ಪ್ರಿಂಟರ್ ಹತ್ರ ಯಾರು ಹೋಗ್ತೀರಿ?" ಎಂದ ಗಂಡ ಬಾಗಿಲಿನಿಂದ. ಇಬ್ಬರೂ ಅವನ ಕಡೆ ಬೆರಳು ತೋರಿಸಿದರು.

ಚಿಲಕ ಮತ್ತೆ ಬೀಳಲಿಲ್ಲ. ಉಳಿದ ಎರಡು ವಾರ ಟೀಚರ್ ಅಡುಗೆಮನೆಯ ಮೇಜಿನಲ್ಲಿ ಒಂದೇ ಪಾಠ ಅಭ್ಯಾಸ ಮಾಡಿದಳು: ಕೇಳಿ ಸುಮ್ಮನಿರುವುದು. ಕೇಳಿದ ಕೂಡಲೇ ಒಂದು ಆಲೂಗಡ್ಡೆ ತೆಗೆದುಕೊಂಡು ಸಿಪ್ಪೆ ಸುಲಿಯುತ್ತಿದ್ದಳು. ಅದು ಮುಗಿಯುವವರೆಗೆ ತುಟಿ ಪಿಟಕ್ಕೆನ್ನಬಾರದು, ಆಗಲೂ ಉತ್ತರ ಬರದಿದ್ದರೆ ಇನ್ನೊಂದು ಆಲೂಗಡ್ಡೆ. ಮೊದಲ ವಾರ ಆ ಮನೆಯವರು ಆಲೂಗಡ್ಡೆ ತಿಂದು ತಿಂದು ಸುಸ್ತಾದರು. ಆದರೆ ಚೋಟುವಿನ ತುಟಿ ಮತ್ತೆ ಅಲ್ಲಾಡತೊಡಗಿತು. ನಾಲ್ಕನೆಯ ಆಲೂಗಡ್ಡೆಗೆ ಬರುತ್ತಿದ್ದ ಉತ್ತರ ಮೆಲ್ಲಗೆ ಎರಡನೆಯದಕ್ಕೆ, ಆಮೇಲೆ ಅರ್ಧ ಸಿಪ್ಪೆಗೆ ಬಂತು.

ಪರೀಕ್ಷೆಯ ದಿನ ಮುಖ್ಯೋಪಾಧ್ಯಾಯಿನಿ ತಮ್ಮ ಕೋಣೆಯಲ್ಲಿ ಚೋಟುವಿನ ಮುಂದೆ ನಾಲ್ಕು ಚಿತ್ರದ ಕಾರ್ಡು ಇಟ್ಟರು. ಮೊಟ್ಟೆ, ಬಿರುಕು ಬಿಟ್ಟ ಮೊಟ್ಟೆ, ಮರಿ, ಕೋಳಿ. "ಕಥೆ ಆಗೋ ಹಾಗೆ ಸಾಲಾಗಿ ಇಡಮ್ಮ. ಆಮೇಲೆ ನಂಗೆ ಹೇಳು."

ಪಕ್ಕದ ಕುರ್ಚಿಯಲ್ಲಿ ಟೀಚರ್. ಅವಳ ಕೈಯಲ್ಲಿ ಆಲೂಗಡ್ಡೆ ಇರಲಿಲ್ಲ. ಕೈಚೀಲದ ಹಿಡಿಕೆ ಹಿಂಡಿದಳು. ಗೋಡೆ ಗಡಿಯಾರದ ಮುಳ್ಳು ಒಂದು ಸುತ್ತು ಮುಗಿಸಿತು. ಮುಖ್ಯೋಪಾಧ್ಯಾಯಿನಿ ಪೆನ್ನಿನ ಮುಚ್ಚಳ ತೆಗೆದರು. ಚೋಟು ಪಿಸುಗುಡುತ್ತಿದ್ದಳು. ಅವರಿಗೆ ಅದು ತಡವರಿಕೆಯಂತೆ ಕಂಡಿರಬೇಕು. ಟೀಚರಿಗೆ ಮಾತ್ರ ಕೇಳಿಸಿತು: "ಇದು ಇದನ್ನ ನೋಡ್ಬೇಕು... ಇದು ಇದನ್ನ..."

ಚೋಟು ಮೊದಲಿಗೆ ಇಟ್ಟದ್ದು ಕೋಳಿಯನ್ನು. ಆಮೇಲೆ ಮೊಟ್ಟೆ, ಬಿರುಕು, ಮರಿ.

"ಕೋಳಿ ಕೊನೆಗಲ್ವಾ ಬರೋದು?" ಎಂದರು ಮುಖ್ಯೋಪಾಧ್ಯಾಯಿನಿ.

ಹೌದು ಅನ್ನು, ಕೊನೆಗಿಡು! ಮಾತು ಟೀಚರ ಗಂಟಲಿನವರೆಗೂ ಬಂತು. ಹಲ್ಲು ಕಚ್ಚಿದಳು. ಕಣ್ಣನ್ನು ಬಲವಂತವಾಗಿ ಕಿಟಕಿಯ ಕಡೆಗೆ ತಿರುಗಿಸಿದಳು. ಮೈದಾನದಲ್ಲಿ ಯಾರದೋ ಚೆಂಡು ಎರಡು ಸಲ ಪುಟಿಯಿತು, ಮೂರು ಸಲ ಪುಟಿಯಿತು.

"ಮೊದಲೇ ಬರ್ಬೇಕು," ಎಂದಳು ಚೋಟು. "ಇಲ್ಲಾಂದ್ರೆ ಮೊಟ್ಟೆ ಮೇಲೆ ಕೂತ್ಕೊಳೋರು ಯಾರು? ಅದೊಂದೇ ಇದ್ರೆ ತಣ್ಣಗಾಗ್ಬಿಡುತ್ತೆ. ಕೋಳಿ ಕೂತ್ಕೊಳುತ್ತೆ, ಕೂತ್ಕೊಳುತ್ತೆ, ಏನೂ ಮಾಡಲ್ಲ. ಆಮೇಲೆ ಮರೀನೇ ಒಳಗಿಂದ ಕುಟ್ಟುತ್ತೆ."

ಮುಖ್ಯೋಪಾಧ್ಯಾಯಿನಿ ಏನೋ ಬರೆಯಲು ಹೋಗಿ ನಿಲ್ಲಿಸಿದರು. ಕಾರ್ಡುಗಳನ್ನು ಇನ್ನೊಮ್ಮೆ ನೋಡಿ, ನಕ್ಕು, ಬರೆದರು: ಎರಡನೇ ತರಗತಿಗೆ.

ದಾರಿಯುದ್ದಕ್ಕೂ ಟೀಚರ್ ಕಾದಳು, ಈಗ ಕೈ ಹಿಡಿಯುತ್ತಾಳೆ, ಈಗ ಏನಾದರೂ ಹೇಳುತ್ತಾಳೆ ಎಂದು. ಮನೆ ಕಂಡದ್ದೇ ತಡ, ಚೋಟು ಓಡಿಹೋಗಿ ಬೀದಿಯ ಬಾಗಿಲಿನಿಂದ ಬೈಂಡಿಂಗ್ ಕೋಣೆಗೆ ನುಗ್ಗಿದಳು. "ಅಜ್ಜೀ! ಪಾಸು!" ಟೀಚರಿಗೆ ಹಳೆಯ ಜಾಗದಲ್ಲೇ ಮತ್ತೆ ಉರಿಯಿತು. ಗೆದ್ದ ದಿನವೂ ಮೊದಲ ಸುದ್ದಿ ಅವರಿಗೇ. ಅವಳು ಹೊಸಿಲಾಚೆಯೇ ನಿಂತಳು.

"ನನ್ನ ಬಂಗಾರಿ! ನಾನು ಹೇಳ್ಕೊಟ್ಟಿದ್ದೇ ಬಂತಾ?" ಎಂದರು ಅತ್ತೆ, ಗೋಂದಿನ ಕೈಯನ್ನು ಮೇಲೆತ್ತಿಕೊಂಡೇ ಅವಳನ್ನು ತೋಳಿನಿಂದ ಅಪ್ಪಿಕೊಂಡು.

"ಇಲ್ಲಜ್ಜಿ, ಕೋಳಿ ಬಂತು. ಅಮ್ಮ ಇದ್ಳು ಪಕ್ಕದಲ್ಲಿ. ಅವಳು ಹೇಳ್ಕೊಡ್ಲಿಲ್ಲ, ಗೊತ್ತಾ? ಕಿಟಕಿ ನೋಡ್ತಾ ಕಾದಳು. ನಿನಗಿಂತ ಜಾಸ್ತಿ ಹೊತ್ತು ಕಾದಳು!"

ಅತ್ತೆಯ ತೋಳು ಸಡಿಲವಾಯಿತು. ನಗು ಮುಖದ ಮೇಲೆ ಇತ್ತು, ಆದರೆ ಅದರ ಹಿಂದಿನಿಂದ ಏನೋ ಇಳಿದುಹೋಗಿತ್ತು. "ನನಗಿಂತಲಾ?" ಎಂದರು.

ಆ ಮುಖ ಟೀಚರಿಗೆ ಚೆನ್ನಾಗಿ ಗೊತ್ತಿತ್ತು. ವಾರಗಟ್ಟಲೆ ಕನ್ನಡಿಯಲ್ಲಿ ನೋಡಿದ್ದಳು. ಒಂದು ಗಳಿಗೆ, ಸುಳ್ಳೇಕೆ, ಅವಳಿಗೆ ಹಾಲು ಕುಡಿದಷ್ಟು ಹಿತವಾಯಿತು. ಚುಚ್ಚುವ ಮಾತೊಂದು ನಾಲಗೆಯ ತುದಿಗೂ ಬಂತು. ಅವಳು ಅದನ್ನು ಆಡಲಿಲ್ಲ. ಒಳಗೆ ಬಂದು, ಚಪ್ಪಲಿ ಬಿಟ್ಟು, ಮೇಜಿನ ಪಕ್ಕ ನಿಂತು, ಕಿಟಕಿಯಾಚೆ ಹೋಗುವ ಸೈಕಲ್ಲನ್ನು ನೋಡುತ್ತ ಕಾದಳು.

ಅತ್ತೆ ಗೋಂದಿನ ಕುಂಚ ಬಟ್ಟಲಿಗೆ ಹಾಕಿದರು, ತೆಗೆದರು. ಹಾಳೆಯೊಂದನ್ನು ಹರಡಿ ಒಂದು ಸಲ ಮಡಚಿದರು. ಪಟ್ಟಿ ಬಿಚ್ಚಿದ ಹೆಬ್ಬೆರಳಿಗೆ ಇನ್ನೂ ಬಲ ಬಂದಿರಲಿಲ್ಲ, ಮಡಿಕೆ ಸರಿಯಾಗಿ ಕೂರಲಿಲ್ಲ. ಕೊನೆಗೆ ಕಾಲಿನಿಂದ ಮೇಜಿನಡಿಯ ಇನ್ನೊಂದು ಸ್ಟೂಲನ್ನು ಹೊರಕ್ಕೆ ತಳ್ಳಿ, ಆ ಹಾಳೆಯನ್ನು ಸೊಸೆಯ ಮುಂದೆ ಸರಿಸಿದರು.

"ಕೂತ್ಕೊ," ಎಂದರು. "ಎರಡು ನಿಂದು."